ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಗಳು

ಏಳೆಂಟು ಎಷ್ಟು?

ನೋಡಿ, ಸಭೆಯ ಹಿಂದಿನ ಸಾಲಿನಿಂದ ಆಗಲೇ "ಐವತ್ತಾರು" ಅಂತ ಬಂತು. ನಾನು "ಸರಿ" ಅಂದೆ. ಯಾರಿಗೂ ಏನೂ ವಿಚಿತ್ರ ಅನ್ನಿಸಲಿಲ್ಲ. ಏಳೆಂಟು ಐವತ್ತಾರು ಅಂತ ನನಗೆ ಗೊತ್ತು. ನನಗೆ ಗೊತ್ತು ಅನ್ನುವುದು ನಿಮಗೂ ಗೊತ್ತು. ಆದರೂ ನಾನು ಕೇಳಿದೆ, ನೀವು ಹೇಳಿದಿರಿ, ಹೇಳಿದ್ದು ಸರಿ ಅಂತ ನಾನು ತೀರ್ಪು ಕೊಟ್ಟೆ. ಮೇಷ್ಟ್ರ ಕೆಲಸ ಅಂದರೆ ಇದೇ ಅಲ್ವಾ?

ಈಗ ಇದನ್ನೇ ಮನೆಗೆ ತನ್ನಿ. ಬೆಳಗ್ಗೆ ಪೇಪರ್ ಹಿಡಿದು ಕೂತಿದ್ದೇನೆ, ಅಕ್ಷರ ಕಾಣುತ್ತಿಲ್ಲ. ಹೆಂಡತಿಯನ್ನು ಕೇಳುತ್ತೇನೆ, "ನನ್ನ ಕನ್ನಡಕ ಎಲ್ಲಿ?" ಅವಳು ಇತ್ತ ತಿರುಗದೆಯೇ "ತಲೆ ಮೇಲಿದೆ ನೋಡಿ" ಅನ್ನುತ್ತಾಳೆ. ಅದಕ್ಕೆ ನಾನು "ಭೇಷ್, ಸರಿಯಾದ ಉತ್ತರ, ಕೂತ್ಕೋ" ಅಂದೆ ಅಂತಿಟ್ಟುಕೊಳ್ಳಿ. ಆಮೇಲೆ ಕನ್ನಡಕದ ಗತಿ ಏನಾಗುತ್ತದೆ, ನನ್ನ ಗತಿ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಪ್ರಶ್ನೆ ಕೇಳುವುದು ಗೊತ್ತಿಲ್ಲದ್ದನ್ನು ತಿಳಿದುಕೊಳ್ಳೋಕೆ. ಶಾಲೆಯಲ್ಲಿ ಪ್ರಶ್ನೆ ಕೇಳುವುದು ಎದುರಿನವನಿಗೆ ಗೊತ್ತಿದೆಯೋ ಇಲ್ಲವೋ ನೋಡೋಕೆ. ಎರಡೂ ಕೇಳಿಸುವುದು ಒಂದೇ ಥರ, ಅದೇ ಕಷ್ಟ.

ತರಗತಿಯ ಈ ಮಾತುಕತೆಯನ್ನು ಕೂತು ಬಿಡಿಸಿ ನೋಡಿದವರಿದ್ದಾರೆ. ಇಂಗ್ಲೆಂಡಿನಲ್ಲಿ ಸಿಂಕ್ಲೇರ್ ಮತ್ತು ಕುಲ್ತಾರ್ಡ್ ಅನ್ನುವ ಇಬ್ಬರು 1975ರಲ್ಲಿ, ಅಮೆರಿಕದಲ್ಲಿ ಹ್ಯೂ ಮೆಹನ್ ಅನ್ನುವವರು 1979ರಲ್ಲಿ, ಬೇರೆ ಬೇರೆ ತರಗತಿಗಳನ್ನು ನೋಡಿ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಮೇಷ್ಟ್ರು ಕೇಳುತ್ತಾರೆ, ಮಗು ಹೇಳುತ್ತದೆ, ಮೇಷ್ಟ್ರು ಮೌಲ್ಯ ಕಟ್ಟುತ್ತಾರೆ. ಮೂರು ಹೆಜ್ಜೆ. ಮತ್ತೆ ಮುಂದಿನ ಪ್ರಶ್ನೆ, ಮತ್ತೆ ಮೂರು ಹೆಜ್ಜೆ. ಮೂರರಲ್ಲಿ ಎರಡು ಮೇಷ್ಟ್ರದ್ದೇ, ಗಮನಿಸಿ. ಸರ್ವಿಸ್ ಪೂರ್ತಿ ಹೀಗೆ ಮಾತಾಡಿದವನು ರಿಟೈರ್ ಆಗಿ ಮನೆಗೆ ಬಂದರೆ ನಾಲಿಗೆಗೆ ರಿಟೈರ್‌ಮೆಂಟ್ ಆರ್ಡರ್ ಬಂದಿರುವುದಿಲ್ಲ. ಆ ನಾಲಿಗೆಯ ಬಗ್ಗೆಯೇ ಇವತ್ತು ನಾನು ಮಾತಾಡುವುದು. ನಿವೃತ್ತಿ ಜೀವನ, ಸಂಸಾರ, ಬೆಳವಣಿಗೆ ಅಂತೆಲ್ಲ ದೊಡ್ಡ ವಿಷಯ ಕೊಟ್ಟಿದ್ದಾರೆ, ನನಗೆ ಅಷ್ಟು ಅಗಲಕ್ಕೆ ಹೋಗಲು ಆಗುವುದಿಲ್ಲ. ನಾನು ಗಣಿತದ ಮೇಷ್ಟ್ರು, ಒಂದು ಲೆಕ್ಕ ತೆಗೆದುಕೊಂಡು ಅದರಲ್ಲೇ ಗಂಟೆ ಕಳೆಯುವುದು ಅಭ್ಯಾಸ.

ಹಾಗಂತ ಗೊತ್ತಿದ್ದೂ ಕೇಳುವ ಪ್ರಶ್ನೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತರಗತಿಯಲ್ಲಿ ಅದು ಬೇಕು. ನಲವತ್ತು ಮಕ್ಕಳಲ್ಲಿ ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ತಿಳಿಯೋಕೆ ಬೇರೆ ದಾರಿ ಇಲ್ಲ. ಆದರೆ ತರಗತಿಯಲ್ಲೇ ಇನ್ನೊಂದು ಪ್ರಶ್ನೆ ಇದೆ, ಅದರ ಉತ್ತರ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ಅದನ್ನು ಒಂದು ಲೆಕ್ಕದ ಮೂಲಕವೇ ತೋರಿಸುತ್ತೇನೆ. ಬೋರ್ಡು ಇದ್ದಿದ್ದರೆ ಚೆನ್ನಾಗಿತ್ತು, ಇಲ್ಲ, ಮನಸ್ಸಿನಲ್ಲೇ ಬರೆದುಕೊಳ್ಳಿ.

52ರಲ್ಲಿ 38 ಕಳೆಯಬೇಕು. ಮಗು ಬರೆದ ಉತ್ತರ 26.

ಸರಿಯಾದ ಉತ್ತರ 14. ಹಾಗಾದರೆ 26 ಎಲ್ಲಿಂದ ಬಂತು? ಕೆಂಪು ಪೆನ್ನಲ್ಲಿ ಅಡ್ಡ ಗೆರೆ ಎಳೆದು "ಗಮನ ಇಲ್ಲ" ಅಂತ ಬರೆದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಆದರೆ ಆ ಮಗುವಿಗೆ ಇನ್ನೊಂದು ಲೆಕ್ಕ ಕೊಡಿ, 71ರಲ್ಲಿ 46. ಅದು 35 ಅಂತ ಬರೆಯುತ್ತದೆ. ಈಗ ಯಾರಿಗಾದರೂ ಹೊಳೆಯಿತಾ? ಹೌದು, ಮೂರನೇ ಸಾಲಿನ ಮೇಡಂ ಹೇಳಿದ್ದು ಸರಿ. (ನೋಡಿ, ಮತ್ತೆ "ಸರಿ" ಅಂದೆ.) ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆಯುತ್ತಿದೆ. 2 ಮತ್ತು 8 ಇದ್ದರೆ 8ರಿಂದ 2 ಕಳೆದು 6. ಮೇಲೆ ಯಾವುದಿದೆ, ಕೆಳಗೆ ಯಾವುದಿದೆ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. ಪಾಪ, ಅದರ ಪ್ರಕಾರ ಅದು ಸರಿಯಾಗಿಯೇ ಮಾಡಿದೆ. "ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೀಬೇಕು" ಅಂತ ಒಂದನೇ ಕ್ಲಾಸಿನಲ್ಲಿ ನಾವೇ ಹೇಳಿಕೊಟ್ಟಿದ್ದೇವಲ್ಲ!

ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅಂತ ಇಬ್ಬರು 1978ರಲ್ಲಿ ಇಂಥ ತಪ್ಪುಗಳ ಬಗ್ಗೆ ಬರೆದರು. ಮಕ್ಕಳ ತಪ್ಪು ಉತ್ತರಗಳಲ್ಲಿ ಬಹಳಷ್ಟು ಸುಮ್ನೆ ಬಾಯಿಗೆ ಬಂದದ್ದಲ್ಲ, ಅದರ ಹಿಂದೆ ಒಂದು ನಿಯಮ ಇರುತ್ತದೆ, ಆ ನಿಯಮವನ್ನು ಮಗು ಬಹಳ ನಿಷ್ಠೆಯಿಂದ ಪಾಲಿಸುತ್ತಿರುತ್ತದೆ ಅನ್ನುವುದು ಅವರ ಮಾತು. ಅವರು ಒಂದು ಕಂಪ್ಯೂಟರ್ ಆಟವನ್ನೂ ಮಾಡಿದ್ದರು. ಕಂಪ್ಯೂಟರ್ ಮಗುವಿನ ಹಾಗೆ ತಪ್ಪು ಲೆಕ್ಕ ಮಾಡುತ್ತದೆ, ಮೇಷ್ಟ್ರಾಗಲು ಕಲಿಯುತ್ತಿರುವವರು ಅದಕ್ಕೆ ಹೊಸ ಹೊಸ ಲೆಕ್ಕ ಕೊಟ್ಟು ಕೊಟ್ಟು ತಪ್ಪಿನ ಹಿಂದಿನ ನಿಯಮವನ್ನು ಪತ್ತೆ ಮಾಡಬೇಕು. ಎಷ್ಟು ಚಂದದ ಆಟ ಅಲ್ವಾ? ಸರಿಯಾದ ಉತ್ತರ ಎಲ್ಲರಿಗೂ ಗೊತ್ತೇ ಇದೆ, ಅದು ಬೇಕಾಗಿಯೇ ಇಲ್ಲ. ಗೊತ್ತಿಲ್ಲದಿರುವುದು ಎದುರಿನ ತಲೆಯಲ್ಲಿ ಏನು ನಡೆದಿದೆ ಅನ್ನುವುದು ಮಾತ್ರ.

ಆ ಪ್ರಶ್ನೆ ಇಷ್ಟೇ: "ಇದು ಹೇಗೆ ಬಂತು, ಹೇಳು ನೋಡೋಣ."

ಇಲ್ಲೊಂದು ಕಿವಿಮಾತು, ಇಲ್ಲಿ ಕೂತಿರುವ ಚಿಕ್ಕ ವಯಸ್ಸಿನ ಮೇಷ್ಟ್ರು, ಮೇಡಂಗಳಿಗೆ. ಉತ್ತರ ತಪ್ಪಾದಾಗ ಮಾತ್ರ ಈ ಪ್ರಶ್ನೆ ಕೇಳಬೇಡಿ. ಹಾಗೆ ಮಾಡಿದರೆ ಎರಡೇ ದಿನದಲ್ಲಿ ಮಕ್ಕಳು ಗುಟ್ಟು ಹಿಡಿದುಬಿಡುತ್ತಾರೆ. "ಹೇಗೆ ಬಂತು" ಅಂದ ಕೂಡಲೇ ರಬ್ಬರ್ ತೆಗೆದು ಉಜ್ಜೋಕೆ ಶುರು ಮಾಡುತ್ತಾರೆ. ಸರಿ ಇದ್ದಾಗಲೂ ಕೇಳಿ. ಸರಿ ಉತ್ತರ ತಪ್ಪು ದಾರಿಯಲ್ಲಿ ಬಂದಿರುವುದೂ ಉಂಟು, ಅದು ಇನ್ನೂ ಮಜಾ.

ಸಂಸಾರಕ್ಕೆ ಬರುತ್ತೇನೆ. ಮನೆಯಲ್ಲಿ ನಮಗೆ ತಪ್ಪು ಅಂತ ಕಾಣುವುದನ್ನು ಮಾಡುವವರು ಜಾಸ್ತಿ. ಮಗ ಕೆಲಸ ಬದಲಾಯಿಸುತ್ತಾನೆ. ಸೊಸೆ ಮಗುವನ್ನು ಬೇರೆ ಥರ ಬೆಳೆಸುತ್ತಾಳೆ. ಗಂಡ ಹಳೆಯ ಪ್ಲಾಸ್ಟಿಕ್ ಡಬ್ಬಗಳನ್ನು ಎಸೆಯಲು ಬಿಡುವುದಿಲ್ಲ. (ನಗುವವರು ಯಾರು ಅಂತ ನೋಡಿಕೊಂಡಿದ್ದೇನೆ.) ಇಲ್ಲೂ 26 ಅನ್ನುವ ಉತ್ತರ ಕಾಣುತ್ತದೆ, ಆ ಉತ್ತರ ಬಂದ ದಾರಿ ಕಾಣುವುದಿಲ್ಲ. ಕೆಂಪು ಪೆನ್ನು ಮಾತ್ರ ಕೈಗೆ ಬೇಗ ಸಿಗುತ್ತದೆ. ಇನ್ನೊಂದು ವಿಷಯ, ಗಣಿತದ ಪುಸ್ತಕದಲ್ಲಿ ಕೊನೇ ಪುಟದಲ್ಲಿ ಉತ್ತರ ಇರುತ್ತದೆ, ಸಂಸಾರದ ಲೆಕ್ಕಕ್ಕೆ ಆ ಪುಟ ಅಚ್ಚಾಗಿಲ್ಲ. 14 ಅಂತ ನಾವು ಅಷ್ಟು ಗಟ್ಟಿಯಾಗಿ ಹೇಳುತ್ತೇವಲ್ಲ, ಅದು 14 ಹೌದೋ ಅಲ್ಲವೋ ಯಾರಿಗೆ ಗೊತ್ತು.

ಕೇಳುವುದನ್ನೇನೋ ಕಲಿಯಬಹುದು. ಕೇಳಿದ ಮೇಲೆ ಸುಮ್ಮನಿರುವುದು ಇದೆಯಲ್ಲ, ಅದು ನಿಜವಾದ ಕಷ್ಟ.

ಮೇರಿ ಬಡ್ ರೋ ಅಂತ ಅಮೆರಿಕದ ಒಬ್ಬ ಶಿಕ್ಷಣತಜ್ಞೆ. ವಿಜ್ಞಾನದ ಪಾಠಗಳನ್ನು ಟೇಪಿನಲ್ಲಿ ಹಿಡಿದು, ನೂರಾರು ಟೇಪು ಕೇಳಿ, ಗಡಿಯಾರ ಹಿಡಿದು ಕೂತವರು. ಮೇಷ್ಟ್ರು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಅಂತ ನೋಡಿದರು. 1974ರಲ್ಲಿ ಅದನ್ನು ಬರೆದರು. ಸರಾಸರಿ ಎಷ್ಟಿರಬಹುದು, ಹೇಳಿ? ಹತ್ತು ಸೆಕೆಂಡಾ? ಐದಾ? ಸುಮಾರು ಒಂದೇ ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಮೇಷ್ಟ್ರು ತಾವೇ ಹೇಳಿಬಿಡುತ್ತಾರೆ, ಇಲ್ಲ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ, ಇಲ್ಲ ಪಕ್ಕದವನನ್ನು ಎಬ್ಬಿಸುತ್ತಾರೆ. ಇದನ್ನು ಮೂರು ಸೆಕೆಂಡಿಗೋ ಅದಕ್ಕಿಂತ ಸ್ವಲ್ಪ ಹೆಚ್ಚಿಗೋ ಏರಿಸಿದಾಗ ಏನಾಯಿತು ಅಂದರೆ, ಮಕ್ಕಳ ಉತ್ತರ ಹಲವು ಪಟ್ಟು ಉದ್ದ ಆಯಿತು. "ಗೊತ್ತಿಲ್ಲ" ಅನ್ನುವುದು ಕಡಿಮೆ ಆಯಿತು. ಎಂದೂ ಬಾಯಿ ಬಿಡದ ಮಕ್ಕಳು ಮಾತಾಡಿದವು. ಮಕ್ಕಳೇ ತಿರುಗಿ ಪ್ರಶ್ನೆ ಕೇಳೋಕೆ ಶುರು ಮಾಡಿದವು.

ಮೂರು ಸೆಕೆಂಡು ಅಂದರೆ ಏನು ಮಹಾ ಅನ್ನಿಸುತ್ತದೆ. ಈಗ ನಾನು ಸುಮ್ಮನಿರುತ್ತೇನೆ, ನೋಡಿ.

ಆಯ್ತು. ಮೂರೇ ಸೆಕೆಂಡು. ಇಬ್ಬರು ಕೆಮ್ಮಿದರು, ಮೈಕು ಕೈಕೊಟ್ಟಿತಾ ಅಂತ ಒಬ್ಬರು ಹಿಂದೆ ತಿರುಗಿ ನೋಡಿದರು, ಮೇಷ್ಟ್ರಿಗೆ ಮಾತು ಮರೆತುಹೋಯಿತು ಪಾಪ ಅಂತ ಅಲ್ಲೊಬ್ಬರ ಮುಖದಲ್ಲಿ ಕರುಣೆ ಕಂಡಿತು.

ರೋ ಅವರು ಕಂಡ ಇನ್ನೊಂದು ವಿಷಯ ಚುಚ್ಚುವಂಥದ್ದು. ಬುದ್ಧಿವಂತ ಅಂತ ಮೇಷ್ಟ್ರು ಅಂದುಕೊಂಡ ಮಗುವಿಗೆ ಕೊಡುತ್ತಿದ್ದ ಸಮಯ ಜಾಸ್ತಿ, ದಡ್ಡ ಅಂದುಕೊಂಡ ಮಗುವಿಗೆ ಕಡಿಮೆ. ಹೆಚ್ಚು ಹೊತ್ತು ಬೇಕಾದವನಿಗೇ ಕಡಿಮೆ. ಬೇಕಂತ ಮಾಡುವುದಲ್ಲ, ಅವನಿಗೆ ಅವಮಾನ ಆಗಬಾರದು ಅಂತ ಮುಂದೆ ಹೋಗುತ್ತೇವೆ. ಮನೆಯಲ್ಲಿ ಇದನ್ನೇ ನೋಡಿ. ಪಟಪಟ ಮಾತಾಡುವ ಮಗಳಿಗೆ ಎಲ್ಲರೂ ಕಿವಿ ಕೊಡುತ್ತಾರೆ. ಮಾತು ನಿಧಾನ ಇರುವ ಮಗನ ವಾಕ್ಯವನ್ನು ಮನೆಯವರೆಲ್ಲ ಸೇರಿ ಮುಗಿಸಿಕೊಡುತ್ತಾರೆ. ಆಮೇಲೆ ಅವನಿಗೆ ಮಾತೇ ಬರುವುದಿಲ್ಲ ಅಂತ ಬಂದವರ ಎದುರು ಹೇಳುತ್ತಾರೆ.

ಮಾತಿನ ಮಧ್ಯೆ ನಾವು ಕಾಯದಿರುವುದಕ್ಕೆ ಕಾರಣವೂ ಇದೆ, ಅದು ಕೆಟ್ಟತನ ಅಲ್ಲ. ತಾನ್ಯಾ ಸ್ಟಿವರ್ಸ್ ಮತ್ತು ಜೊತೆಯವರು 2009ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ ಹತ್ತು ಭಾಷೆಗಳ ಮಾತುಕತೆ ಅಳೆದು ನೋಡಿದರು. ಒಬ್ಬರು ಪ್ರಶ್ನೆ ಕೇಳಿ ಮುಗಿಸಿದ ಮೇಲೆ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು. ಸೆಕೆಂಡಿನ ಐದನೇ ಒಂದು ಭಾಗ. ಭಾಷೆಯಿಂದ ಭಾಷೆಗೆ ಸ್ವಲ್ಪ ಹಿಂದೆ ಮುಂದೆ, ಅಷ್ಟೇ. ಈಗ ಇನ್ನೊಂದು ಅಂಕಿ ಪಕ್ಕದಲ್ಲಿಡಿ. ಒಂದು ಚಿತ್ರ ತೋರಿಸಿ ಇದೇನು ಅಂತ ಕೇಳಿದರೆ ಆ ಒಂದು ಪದ ಬಾಯಿಗೆ ಬರಲು ಸುಮಾರು 600 ಮಿಲಿಸೆಕೆಂಡು ಬೇಕು. ಲೆಕ್ಕ ಹೊಂದಲಿಲ್ಲ ಅಲ್ವಾ? ಒಂದು ಪದಕ್ಕೇ 600 ಬೇಕಾದರೆ 200ರಲ್ಲಿ ಉತ್ತರ ಶುರು ಆಗುವುದು ಹೇಗೆ? ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ಉತ್ತರ ತಯಾರು ಮಾಡಿಕೊಳ್ಳುತ್ತಿರುತ್ತೇವೆ, ಹಾಗೆ.

"ಗೇಟು ಹಾಕಿದೀಯಾ?" "ಹಾಕಿದೀನಿ." ಇದಕ್ಕೆ ಆ ಏರ್ಪಾಟು ಬಹಳ ಚೆನ್ನಾಗಿದೆ. ಆದರೆ ಹೆಂಡತಿ ಬಂದು ಪಕ್ಕದಲ್ಲಿ ಕೂತು, ಸೀರೆಯ ಅಂಚನ್ನು ಬೆರಳಲ್ಲಿ ಸುತ್ತುತ್ತಾ, "ನಂಗ್ಯಾಕೋ ಇತ್ತೀಚೆಗೆ..." ಅಂತ ಶುರು ಮಾಡಿ ನಿಲ್ಲಿಸಿದಾಗ, ಅಲ್ಲಿಗೆ ಈ ಏರ್ಪಾಟು ಸಾಲದು. ಅವಳು ನಿಲ್ಲಿಸಿದ್ದು ಮುಗಿಸಿ ಅಲ್ಲ. ಅಷ್ಟರಲ್ಲಿ ನಮ್ಮ ಉತ್ತರ ರೆಡಿ: "ನಿದ್ದೆ ಸಾಲದು ನಿಂಗೆ, ಮೊಬೈಲ್ ನೋಡೋದು ಕಡಿಮೆ ಮಾಡು." ಅವಳು ಎದ್ದು ಹೋಗುತ್ತಾಳೆ. ಏನು ಹೇಳಬೇಕೆಂದಿದ್ದಳು ಅನ್ನುವುದು ಅವಳ ಜೊತೆ ಒಳಗೆ ಹೋಗುತ್ತದೆ.

ಎರಡು ಥರ ಕಾಯುವುದಿದೆ ಅಂತ ರೋ ಹೇಳುತ್ತಾರೆ. ಒಂದು, ಕೇಳಿದ ಮೇಲೆ. ಇನ್ನೊಂದು, ಅವರು ಹೇಳಿ ಮುಗಿಸಿದ ಮೇಲೆ. ಎರಡನೆಯದು ಯಾರಿಗೂ ಹೊಳೆಯುವುದಿಲ್ಲ. ಉತ್ತರ ಬಂತಲ್ಲ, ಇನ್ನೇಕೆ ಕಾಯಬೇಕು ಅಂತ. ಆದರೆ ಮೊದಲ ವಾಕ್ಯ ಹೇಳಿದ ಮೇಲೆ ಅಲ್ಲೊಂದು ಬಿಡುವು ಸಿಕ್ಕಿದರೆ ಎರಡನೇ ವಾಕ್ಯ ಬರುತ್ತದೆ. ನನ್ನ ಅನುಭವದಲ್ಲಿ ವಿಷಯ ಇರುವುದು ಎರಡನೇ ವಾಕ್ಯದಲ್ಲೇ. ಮೊದಲನೆಯದು ಬಾಗಿಲು ತಟ್ಟಿ ನೋಡೋಕೆ.

ಮೊಮ್ಮಗಳ ವಿಷಯ ಹೇಳುತ್ತೇನೆ, ತಾತಂದಿರಿಗೆ ಅಷ್ಟು ಹಕ್ಕು ಇದೆ. ಶಾಲೆಯಿಂದ ಬಂದ ಮಗುವನ್ನು "ಇವತ್ತು ಏನು ಕಲಿಸಿದರು?" ಅಂತ ಕೇಳಿ. ಉತ್ತರ: "ಏನಿಲ್ಲ." ಜಗತ್ತಿನ ಯಾವ ಮೂಲೆಗೆ ಹೋದರೂ ಇದೇ ಉತ್ತರ ಅಂತ ನನಗೆ ಅನುಮಾನ. ಇದರಲ್ಲಿ ಮಗುವಿನ ತಪ್ಪಿಲ್ಲ. ಆರೇಳು ಗಂಟೆ ಪರೀಕ್ಷೆಯ ಪ್ರಶ್ನೆ ಕೇಳಿ ಕೇಳಿ ಸುಸ್ತಾಗಿ ಬಂದಿರುತ್ತದೆ, ಇಲ್ಲೂ ಒಬ್ಬ ಮುದಿ ಮೇಷ್ಟ್ರು ಕೂತಿದ್ದಾನೆ. ಅದೇ ಮಗು ಸಂಜೆ ಹೊರಗೆ ಹೋಗಲು ಶೂ ಹಾಕಿಕೊಳ್ಳುತ್ತಾ ಬಾಗಿಲ ಬಳಿ ಕೂತಿತ್ತು. ಲೇಸು ಕಟ್ಟಲು ಆಗತಾನೇ ಕಲಿಯುತ್ತಿತ್ತು. ಒಂದು ಕುಣಿಕೆ ಮಾಡಿ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ಎಳೆಯನ್ನು ಸುತ್ತ ತಂದು, ಕೆಳಗಿನಿಂದ ತೂರಿಸಬೇಕು. ತೂರಿಸುವ ಹೊತ್ತಿಗೆ ಹೆಬ್ಬೆರಳು ಸಡಿಲ ಆಗುತ್ತಿತ್ತು, ಕುಣಿಕೆ ಜಾರಿ ಹೋಗುತ್ತಿತ್ತು. ಮತ್ತೆ ಮೊದಲಿಂದ. ಪಕ್ಕದಲ್ಲಿ ಕೂತವನಿಗೆ ಕೈ ತಡೆಯುವುದಿಲ್ಲ. ನಾನು ಎರಡೂ ಕೈಯನ್ನು ತೊಡೆ ಕೆಳಗೆ ಹಾಕಿಕೊಂಡು ಕೂತೆ. ನಿಜವಾಗಲೂ. ಮಗು ಲೇಸನ್ನೇ ನೋಡುತ್ತಾ, ನನ್ನ ಮುಖ ನೋಡದೆ, ತಾನಾಗಿಯೇ ಹೇಳಿತು: "ತಾತಾ, ಇವತ್ತು ನನ್ನ ಪಕ್ಕ ಯಾರೂ ಕೂತ್ಕೊಳ್ಳಲಿಲ್ಲ." ನಾನು "ಹೂಂ" ಅಂದೆ. ಕುಣಿಕೆ ಮತ್ತೆ ಜಾರಿತು. "ಅವಳು ಬೇರೆಯವಳ ಪಕ್ಕ ಹೋದ್ಲು. ಹೋಗ್ಲಿ ಬಿಡು. ನನ್ನ ಪೆನ್ಸಿಲ್ ಮಾತ್ರ ವಾಪಸ್ ಕೊಡ್ಲಿಲ್ಲ."

ಆ ದಿನ ಏನು ಕಲಿಸಿದರು ಅನ್ನುವುದಕ್ಕೆ ಉತ್ತರ ಸಿಕ್ಕಿತು, ನೋಡಿ. ಪಾಠದ ಹೆಸರು ಮಾತ್ರ ಬರಲಿಲ್ಲ.

ದೊಡ್ಡ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಎದುರುಬದುರು ಕೂರಿಸಿಕೊಂಡು ಕಣ್ಣಲ್ಲಿ ಕಣ್ಣಿಟ್ಟು "ಏನಾಗಿದೆ ನಿಂಗೆ?" ಅಂದರೆ ಹದಿನೈದು ವರ್ಷದವನು ಕಲ್ಲಾಗುತ್ತಾನೆ. ಪಕ್ಕಪಕ್ಕದಲ್ಲಿ ಏನಾದರೂ ಕೆಲಸ ಮಾಡುತ್ತಿದ್ದರೆ, ನಡೆಯುತ್ತಿದ್ದರೆ, ಗಾಡಿಯಲ್ಲಿ ಹೋಗುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಇದು ನಿಮಗೆಲ್ಲ ಗೊತ್ತಿರುವುದೇ, ಮುಂದೆ ಹೋಗುತ್ತೇನೆ.

ಇಲ್ಲಿ ಒಬ್ಬರು ಮನಸ್ಸಿನಲ್ಲೇ ತಕರಾರು ತೆಗೆಯುತ್ತಿರಬಹುದು. ಹಾಗಾದರೆ ದೂರದಲ್ಲಿರುವ ಮಗ ಫೋನ್ ಮಾಡಿ "ಆರಾಮಾ?" ಅನ್ನುತ್ತಾನೆ, ನಾವು "ಆರಾಮ" ಅನ್ನುತ್ತೇವೆ, "ಅಲ್ಲಿ ಮಳೇನಾ?" ಅನ್ನುತ್ತೇವೆ, ಅವನು "ಹೂಂ, ಸ್ವಲ್ಪ" ಅನ್ನುತ್ತಾನೆ, ಇದೂ ಉತ್ತರ ಗೊತ್ತಿರುವ ಪ್ರಶ್ನೆಯೇ, ಇದನ್ನೂ ಬಿಟ್ಟುಬಿಡಬೇಕಾ ಅಂತ. ಖಂಡಿತ ಬೇಡ. ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ ಅನ್ನುವ ಮಾನವಶಾಸ್ತ್ರಜ್ಞ 1923ರಷ್ಟು ಹಿಂದೆಯೇ ಈ ಥರದ ಮಾತಿನ ಬಗ್ಗೆ ಬರೆದಿದ್ದಾರೆ. ಆರೋಗ್ಯ ಹೇಗಿದೆ, ಹವಾಮಾನ ಹೇಗಿದೆ ಅನ್ನುವ ಮಾತು ಸುದ್ದಿ ತಿಳಿಯೋಕೆ ಅಲ್ಲ, ಜನರ ನಡುವೆ ನಂಟು ಉಳಿಸಿಕೊಳ್ಳೋಕೆ ಅಂತ. ಅದರಲ್ಲಿ ಯಾರೂ ಯಾರಿಗೂ ಮಾರ್ಕ್ಸ್ ಕೊಡುವುದಿಲ್ಲ, ಅದೇ ಅದರ ಸೊಗಸು. ಎರಡು ನಿಮಿಷ ಮಾತಾಡಿ ಏನೂ ಹೇಳದೆ ಫೋನ್ ಇಟ್ಟ ಮಗನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವನು ಹೇಳಬೇಕಾದ್ದನ್ನು ಹೇಳಿಯೇ ಇಟ್ಟಿದ್ದಾನೆ. ಆದರೆ "ಆರಾಮಾ?" ಅಂದ ಮೇಲೆ "ನೀನು ಮಾತ್ರೆ ತಗೊಂಡ್ಯಾ, ತಗೊಂಡಿರಲ್ಲ, ನಂಗೊತ್ತು" ಅಂದರೆ ಅಲ್ಲಿಗೆ ಮೇಷ್ಟ್ರು ಬಂದ ಹಾಗೆ. ಮಕ್ಕಳೂ ಅಪ್ಪ ಅಮ್ಮನಿಗೆ ಹೀಗೆ ಮೇಷ್ಟ್ರಾಗುತ್ತಾರೆ, ಇಲ್ಲಿ ಚಿಕ್ಕವರು ಕೂತಿದ್ದಾರೆ, ಅವರಿಗೂ ಕೇಳಿಸಲಿ.

ವಯಸ್ಸಾದವರ ಜೊತೆ ಮಾತು ಅಂದಾಗ ಇನ್ನೊಂದು ನೆನಪಾಯಿತು. ನನ್ನ ತಾಯಿ ಕೊನೆಯ ವರ್ಷಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಒಂದು ರಾತ್ರಿ ಜೋರು ಮಳೆಯಲ್ಲಿ ಗುರುತಿಲ್ಲದ ಒಬ್ಬರು ಬಂದು ಬಾಗಿಲು ಬಡಿದರು, ಒಳಗೆ ಕರೆದು ಮಲಗಿಸಿದೆವು, ಬೆಳಗ್ಗೆ ಎದ್ದು ನೋಡಿದರೆ ಹೇಳದೆ ಹೋಗಿದ್ದರು ಅಂತ. ಒಮ್ಮೆ ಬಂದವರು ಒಬ್ಬರು, ಇನ್ನೊಮ್ಮೆ ಇಬ್ಬರು. ಆಗ ತಾಯಿಗೆ ಒಮ್ಮೆ ಎಂಟು ವರ್ಷ, ಇನ್ನೊಮ್ಮೆ ಹನ್ನೆರಡು. ಮನೆಯವರಲ್ಲಿ ಯಾರಾದರೂ ಒಬ್ಬರು "ಅವತ್ತು ಎಂಟು ಅಂದಿದ್ಯಲ್ಲ" ಅಂತ ತಿದ್ದುತ್ತಿದ್ದರು. ತಾಯಿ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು.

ನೆನಪು ಅನ್ನುವುದು ಹೀಗೇ. ಫ್ರೆಡ್ರಿಕ್ ಬಾರ್ಟ್ಲೆಟ್ ಅನ್ನುವ ಮನೋವಿಜ್ಞಾನಿ ಇಂಗ್ಲೆಂಡಿನಲ್ಲಿ ಓದುಗರಿಗೆ ದೂರದ ನಾಡಿನ ಒಂದು ಜನಪದ ಕಥೆ ಕೊಟ್ಟು, ಆಗಾಗ ಅದನ್ನು ನೆನಪಿನಿಂದ ಬರೆಸಿದರು. 1932ರಲ್ಲಿ ಅದನ್ನು ಪ್ರಕಟಿಸಿದರು. ಪ್ರತಿ ಸಲವೂ ಕಥೆ ಸ್ವಲ್ಪ ಬದಲಾಗುತ್ತಿತ್ತು. ಅರ್ಥವಾಗದ ಭಾಗ ಬಿಟ್ಟುಹೋಗುತ್ತಿತ್ತು, ಗುರುತಿಲ್ಲದ ವಸ್ತುವಿನ ಜಾಗಕ್ಕೆ ಗುರುತಿರುವ ವಸ್ತು ಬರುತ್ತಿತ್ತು. ಅದು ಮುಪ್ಪಿನ ಮರೆವಲ್ಲ, ಒಳ್ಳೆ ವಯಸ್ಸಿನವರ ನೆನಪೇ ಹಾಗೆ. ನಾವು ನೆನಪಿಟ್ಟುಕೊಳ್ಳುವುದಲ್ಲ, ಪ್ರತಿ ಸಲ ಕಟ್ಟಿಕೊಳ್ಳುವುದು.

ಹಾಗಾಗಿ ತಿದ್ದುವ ಬದಲು ಒಂದು ದಿನ ನಾನು ಕೇಳಿದೆ, "ಅಮ್ಮಾ, ಬಾಗಿಲು ತೆಗೆದೋರು ಯಾರು?" ಅವರು ನಿಲ್ಲಿಸಿದರು. ಈ ಪ್ರಶ್ನೆ ಅವರ ಕಥೆಯಲ್ಲಿ ಇರಲಿಲ್ಲ. ಹೊತ್ತಾಯಿತು. ಆಮೇಲೆ "ಅಪ್ಪ ಮನೇಲಿರ್ಲಿಲ್ಲ ಕಣೋ. ಅಮ್ಮನೇ ತೆಗೆದಿದ್ದು. ಕೈಯಲ್ಲಿ ಕತ್ತಿ ಹಿಡ್ಕೊಂಡು ತೆಗೆದಿದ್ದು" ಅಂದರು. ನೋಡಿ, ಅಷ್ಟು ಸಲ ಕೇಳಿದ ಕಥೆಯಲ್ಲಿ ನಮ್ಮ ಅಜ್ಜಿಯೇ ಇರಲಿಲ್ಲ. ಕತ್ತಿ ಹಿಡಿದು, ಆದರೂ ಬಾಗಿಲು ತೆಗೆದ ಹೆಂಗಸು. ಅದು ನಡೆದದ್ದು ಎಂಟಕ್ಕೋ ಹನ್ನೆರಡಕ್ಕೋ ಅನ್ನುವುದು ಆಮೇಲೆ ನಮಗ್ಯಾರಿಗೂ ಬೇಕಾಗಲಿಲ್ಲ.

ಈಗ ಬೆಳವಣಿಗೆಯ ವಿಷಯ. ನಿವೃತ್ತಿ ಆದ ಮೇಲೆ ಏನು ಬೆಳವಣಿಗೆ ಅಂತ ಕೆಲವರು ನಗಬಹುದು. ನಾನು ಈಜು ಕಲಿಯಲು ಸೇರಿದೆ. ಕಲಿಸುವ ಹುಡುಗ ಇಪ್ಪತ್ತೆರಡು ಇಪ್ಪತ್ಮೂರರವನು, ನನ್ನ ಕೊನೇ ಬ್ಯಾಚಿನಲ್ಲಿ ಕೂತಿರಬಹುದಾದ ವಯಸ್ಸು. ಮೊದಲ ದಿನ ಗೋಡೆ ಹಿಡಿದು ಮುಖ ನೀರಿಗೆ ಹಾಕಬೇಕು. ಎಲ್ಲರೂ ಏನು ಮಾಡುತ್ತಾರೆ? ಗಟ್ಟಿಯಾಗಿ ಉಸಿರು ಎಳೆದುಕೊಂಡು, ಬಾಯಿ ಮುಚ್ಚಿ, ಉಸಿರು ಹಿಡಿದು ಮುಳುಗುತ್ತಾರೆ. ಸ್ವಲ್ಪ ಹೊತ್ತಿಗೇ ಎದೆ ಬಿಗಿದು ಮೇಲೆ ಏಳುತ್ತಾರೆ. ಗಾಳಿ ಖಾಲಿಯಾಯಿತು ಅಂತ ಅನ್ನಿಸುತ್ತದೆ, ಆದರೆ ಅದಲ್ಲ. ಆ ಒದ್ದಾಟ ಬರುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಒಳಗೆ ಜಾಸ್ತಿ ಆಗುವುದರಿಂದ. ನೀರಿನೊಳಗೇ ಗುಳುಗುಳು ಅಂತ ಉಸಿರು ಬಿಡಬೇಕು, ಮುಖ ಮೇಲೆ ಬಂದಾಗ ಎಳೆದುಕೊಳ್ಳಬೇಕು. ಹೇಳೋಕೆ ಒಂದು ಸಾಲು. ಮೈಗೆ ಹತ್ತಿಸಿಕೊಳ್ಳುವುದು ಬೇರೆಯೇ ಮಾತು.

ಆ ಹುಡುಗನಲ್ಲಿ ನಾನು ಗಮನಿಸಿದ್ದು ಒಂದು. ಅವನು ಒಂದು ಸಲವೂ "ಅರ್ಥ ಆಯ್ತಾ ಸರ್?" ಅಂತ ಕೇಳಲಿಲ್ಲ. ನಾವು ಮೇಷ್ಟ್ರುಗಳು ಅತಿ ಹೆಚ್ಚು ಕೇಳಿರುವ ಪ್ರಶ್ನೆ ಅದೇ. ಅದಕ್ಕೆ ತರಗತಿಯ ಉತ್ತರ ಯಾವಾಗಲೂ ಒಂದೇ, "ಆಯ್ತು ಸಾ..ರ್" ಅಂತ ರಾಗವಾಗಿ. ಅವನು ನನ್ನನ್ನು ಕೇಳುತ್ತಿದ್ದದ್ದು "ನೀರಿನೊಳಗೆ ಏನನ್ನಿಸ್ತು?" ಅಂತ. ಅದರ ಉತ್ತರ ಅವನಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ನಾನು ಹೇಳುತ್ತಿದ್ದೆ, ಕತ್ತು ಬಿಗಿಯುತ್ತೆ ಅಂತ. ಆಮೇಲೆ ಅವನು ಕತ್ತು ನೋಡುತ್ತಿದ್ದ.

ಅರ್ಥ ಆಗಿದೆ ಅನ್ನುವ ಭಾವನೆಯನ್ನು ನಂಬುವ ಹಾಗಿಲ್ಲ. ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕೆ ಅನ್ನುವವರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಪಾಠ ಓದಲು ಕೊಟ್ಟರು. ಕೆಲವರು ಮತ್ತೆ ಮತ್ತೆ ಓದಿದರು, ಕೆಲವರು ಓದಿ ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದರೆ ಮುಚ್ಚಿಟ್ಟು ಬರೆದವರು ಮುಂದು. ತಮಾಷೆ ಏನೆಂದರೆ, ಚೆನ್ನಾಗಿ ನೆನಪಿರುತ್ತದೆ ಅಂತ ಹೆಚ್ಚು ಧೈರ್ಯ ಇದ್ದದ್ದು ಮತ್ತೆ ಮತ್ತೆ ಓದಿದವರಿಗೆ. ರಿಟೈರ್ ಆದ ಮೇಲೆ ಏನಾದರೂ ಕಲಿಯಲು ಕೂತವರು ಇದನ್ನು ನೆನಪಿಡಿ. ವಿಡಿಯೋ ನೋಡಿ ನೋಡಿ ತಲೆಯಾಡಿಸಿದರೆ ಬಂದಂತೆ ಅನ್ನಿಸುತ್ತದೆ. ಮುಚ್ಚಿಟ್ಟು ಮಾಡಿ ನೋಡಬೇಕು. ತನ್ನನ್ನು ತಾನು ಪ್ರಶ್ನೆ ಕೇಳಿಕೊಂಡು, ಬರದಿದ್ದರೂ ಸ್ವಲ್ಪ ಹೊತ್ತು ಕಾಯಬೇಕು, ಕೂಡಲೇ ಪುಸ್ತಕ ತೆಗೆಯಬಾರದು. ಆ ಮೂರು ಸೆಕೆಂಡು ನಮಗೂ ನಾವು ಕೊಟ್ಟುಕೊಳ್ಳುವುದಿಲ್ಲ.

ಇವತ್ತು ಇಷ್ಟು ಕೇಳಿ ನಾಳೆಯಿಂದ ಹೀಗೇ ಇರುತ್ತೇನೆ ಅಂತ ಯಾರಾದರೂ ಅಂದುಕೊಂಡಿದ್ದರೆ, 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ 21 ದಿನ ಬೇಕು ಅಂತ 1960ರಲ್ಲಿ ಬರೆದರು. ಕಡಿಮೆ ಅಂದರೂ ಅನ್ನುವುದು ಊರೂರು ಸುತ್ತುತ್ತಾ ಎಲ್ಲೋ ಬಿದ್ದುಹೋಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ನೋಡಿ, 2010ರಲ್ಲಿ ಪ್ರಕಟಿಸಿದ್ದು ಬೇರೆ. ಹೊಸ ಅಭ್ಯಾಸ ತಾನಾಗಿ ಬರುವ ಹಂತಕ್ಕೆ ಮಧ್ಯದ ಅಂಕಿ 66 ದಿನ. ಈಗ ಎಲ್ಲರೂ 66, 66 ಅನ್ನುತ್ತಾರೆ. ಗಣಿತದ ಮೇಷ್ಟ್ರಾಗಿ ಹೇಳುತ್ತೇನೆ, ಮಧ್ಯದ ಅಂಕಿ ಬಿಡಿ, ಎರಡು ತುದಿ ನೋಡಿ. ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ ಲೆಕ್ಕ ಹಾಕಿದರೆ 254 ದಿನ. ಇಷ್ಟು ಅಗಲ ಇರುವಾಗ ಪಕ್ಕದವನ ಜೊತೆ ಹೋಲಿಸಿಕೊಂಡು ಏನು ಪ್ರಯೋಜನ? ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗುವುದಿಲ್ಲ ಅಂತಲೂ ಅವರು ಕಂಡರು. ಆ ಮಾತು ನನಗೆ ಬಹಳ ಇಷ್ಟ.

ಕೊನೆಗೆ ಸಭೆಯಿಂದ ಒಂದು ಚೀಟಿ ಬಂದಿದೆ. ಹದಿನಾರು ವರ್ಷದ ಮಗ ಮನೆಯಲ್ಲಿ ಮಾತೇ ಆಡುವುದಿಲ್ಲ, ಯಾವಾಗಲೂ ಫೋನಿನಲ್ಲಿ ಆಟ, ಏನು ಕೇಳಿದರೂ ಒಂದೇ ಪದದ ಉತ್ತರ, ಏನು ಕೇಳಬೇಕು ಅಂತ ಬರೆದಿದ್ದಾರೆ. ಆ ಆಟವನ್ನೇ ಕಲಿಸಿಕೊಡು ಅಂತ ಕೇಳಿ. ನೆಪಕ್ಕೆ ಅಲ್ಲ, ನಿಜವಾಗಿ ಕಲಿಯಿರಿ. ಅದರಲ್ಲಿ ಅವನೇ ಮೇಷ್ಟ್ರು, ನಿಮಗೆ ಏನೂ ಗೊತ್ತಿಲ್ಲ, ನೀವು ಕೇಳುವ ಒಂದೊಂದು ಪ್ರಶ್ನೆಯೂ ಅಸಲಿ. ಇದ್ಯಾಕೆ ಹೀಗೆ ಓಡುತ್ತೆ, ಇವನು ನಮ್ಮ ಕಡೆಯವನಾ, ಈಗ ಯಾವುದನ್ನು ಒತ್ತಲಿ. ಮೊದಲ ದಿನ ಅವನು ನಗುತ್ತಾನೆ. ಎರಡನೇ ದಿನ ತಾಳ್ಮೆ ಕಳೆದುಕೊಂಡು "ಅಯ್ಯೋ ಹಾಗಲ್ಲಪ್ಪಾ, ಕೊಡಿಲ್ಲಿ" ಅಂತ ನಿಮ್ಮ ಕೈಯಿಂದ ಫೋನ್ ಕಿತ್ತುಕೊಳ್ಳುತ್ತಾನೆ. ಕಿತ್ತುಕೊಳ್ಳಲಿ ಬಿಡಿ. ಮೂರು ಸೆಕೆಂಡು ಕಾಯೋಕೆ ಅವನಿಗೂ ಬರುವುದಿಲ್ಲ. ನಿಮ್ಮ ಮಗ ತಾನೇ?